ಏರಿದ ಕೆಂಪು

ಬಣ್ಣಗಾರನ ಎಡಗಾಲಿಗೆ ಹರಡಿನ ಗಂಟು ಇರಲಿಲ್ಲ. ಒಳಗೆಲ್ಲೋ ಇದ್ದೀತು, ಆದರೆ ಹತ್ತೊಂಬತ್ತು ವರ್ಷದಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೊಣಕಾಲಿನಿಂದ ಪಾದದವರೆಗೆ ಒಂದೇ ದಪ್ಪಕ್ಕೆ ಬಾತುಕೊಂಡಿದ್ದ ಆ ಕಾಲನ್ನು ಒದ್ದೆ ನೆಲದ ಮೇಲೆ ಎಳೆದುಕೊಂಡೇ ಅವನು ನೂಲಿಗೆ ಬಣ್ಣ ಕಟ್ಟುವ ಹಂಡೆಯಿಂದ ಹಂಡೆಗೆ ಓಡಾಡುತ್ತಿದ್ದ.

ಕಣಕಾಲು ಕೆಂಪಾದಾಗ ಅಪ್ಪ, ಮಗಳು ಇಬ್ಬರೂ ತಲೆ ಕೆಡಿಸಿಕೊಳ್ಳಲಿಲ್ಲ. ಆ ವಾರವಿಡೀ ಹಂಡೆಯಿಂದ ಎದ್ದದ್ದು ಕೆಂಪು ನೂಲೇ. ಮಗಳು ಸೋಪು ಹಚ್ಚಿ ಉಜ್ಜಿದಳು. ಹೋಗಲಿಲ್ಲ.

"ನಾನು ಹಾಕಿದ ಬಣ್ಣ ಕಣೇ. ನೀನು ಉಜ್ಜಿದ್ರೆ ಹೋಗುತ್ತಾ?" ಅಪ್ಪ ಬೀಗಿದ.

"ನಿನ್ನ ಜಂಬಕ್ಕಿಷ್ಟು! ಸುಮ್ನೆ ಕಾಲು ಚಾಚು." ಅವಳು ಸೋಡಾ ಪುಡಿ ತಂದು ಮತ್ತೆ ಉಜ್ಜಿದಳು. ಕಿರುಬೆರಳಿನ ಸಂದಿಯಲ್ಲಿ ಚರ್ಮ ಬಿರಿದಿದ್ದನ್ನು ಇಬ್ಬರೂ ನೋಡಲಿಲ್ಲ.

ಮರುದಿನ ಮಧ್ಯಾಹ್ನ, ಕುದಿಯುವ ಹಂಡೆಯ ಪಕ್ಕದಲ್ಲೇ ನಿಂತು ಅವನು ಗಡಗಡ ನಡುಗತೊಡಗಿದ. ಮಗಳು ಕಾಲು ಮುಟ್ಟಿದಳು; ಹಂಡೆಯ ಮೈ ಮುಟ್ಟಿದಂತಾಯಿತು. ಕೆಂಪು ಒಂದು ಗೇಣು ಮೇಲೇರಿತ್ತು.

"ಅಪ್ಪಾ, ಇದು ಬಣ್ಣ ಅಲ್ಲಪ್ಪಾ."

ಆಸ್ಪತ್ರೆಯಲ್ಲಿ ನರ್ಸ್ ಕೆಂಪಿನ ಅಂಚಿಗೆ ಪೆನ್ನಿನಿಂದ ಗೀಟು ಎಳೆದಳು. "ಬಾತಿರೋ ಕಾಲಲ್ಲಿ ಸೋಂಕು ಬೇಗ ಹಬ್ಬುತ್ತೆ. ಗೀಟು ದಾಟಿದ್ರೆ ತಕ್ಷಣ ಕರೀರಿ. ರಕ್ತಕ್ಕೆ ಸೇರಿದ್ರೆ ಜೀವಕ್ಕೇ ಕುತ್ತು."

ಸಂಜೆಯೊಳಗೆ ದಾಟಿತು. ಒದ್ದೆ ಬಟ್ಟೆಯಲ್ಲಿ ಬಣ್ಣ ಏರುವ ಹಾಗೆ, ಅವಸರವೇ ಇಲ್ಲದೆ. ಔಷಧಿ ಬದಲಾಯಿಸಿದರು, ಎರಡನೆಯ ಗೀಟು ಎಳೆದರು. ಕೈಯಾರೆ ಉಜ್ಜಿದ್ದನ್ನು ನೆನೆದು ಮಗಳು ಗೀಟಿನ ಮೇಲೇ ಕಣ್ಣಿಟ್ಟು ಕೂತಳು.

ಮೂರನೆಯ ಬೆಳಗ್ಗೆ ಗೀಟಿಗೂ ಕೆಂಪಿಗೂ ನಡುವೆ ನೂಲೆಳೆಯಷ್ಟು ಬರಿಯ ಚರ್ಮ ಕಂಡಿತು. ಮಧ್ಯಾಹ್ನಕ್ಕೆ ಒಂದು ಬೆರಳಗಲ.

"ಅಪ್ಪಾ, ನೋಡಿಲ್ಲಿ!"

ಅವನು ಮೊಣಕೈ ಊರಿ ಎದ್ದು ನೋಡಿದ. ಯಾರೂ ಉಜ್ಜಿರಲಿಲ್ಲ, ಒಗೆದಿರಲಿಲ್ಲ. ಕೆಂಪು ತಾನಾಗಿ ಹಿಂದೆ ಸರಿಯುತ್ತಿತ್ತು. ನಲವತ್ತು ವರ್ಷದಲ್ಲಿ ಹಾಗೆ ಇಳಿದ ಬಣ್ಣವನ್ನು ಅವನು ಕಂಡಿರಲಿಲ್ಲ. ತಲೆಯ ಮೇಲೆ ತೂಗುತ್ತಿದ್ದ ಬಾಟಲಿಯತ್ತ ಕಣ್ಣೆತ್ತಿ ನರ್ಸನ್ನು ಕೇಳಿದ: "ಅದ್ರಲ್ಲಿ ಏನ್ ಹಾಕಿದೀಯಮ್ಮಾ?"

"ಔಷಧಿ, ತಾತ."

"ಬರೀ ನೀರಿನ ಹಾಗಿದೆಯಲ್ಲೇ," ಎಂದು ಮಗಳಿಗೆ ಪಿಸುಗುಟ್ಟಿದ. ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ಇಬ್ಬರೂ ಬಾಯಿ ತೆರೆದುಕೊಂಡು ನೋಡುತ್ತಿದ್ದರು.

ಮನೆಗೆ ಹೊರಡುವ ಹೊತ್ತಿಗೆ ಅವನಿಂದ ಹೋದದ್ದು ಇಷ್ಟು: ಹನ್ನೊಂದು ದಿನ, ಕಣಕಾಲಿನ ಒಂದು ಪದರ ಚರ್ಮ, ಕಿರುಬೆರಳಿನ ಉಗುರು.