ಸೆರಗಿನ ಕಡೇ ಆನೆ

ಮಾಟುಂಗದ ಕನ್ನಡ ಸಂಘದ ಹಾಲ್‌ನಲ್ಲಿ ಹಳೆಯ ಸೀರೆಗಳ ಪ್ರದರ್ಶನ. ಕಾವಲಿಗೆ ಕೂತವನು ಮಿಮಿಕ್ರಿ ಶೇಖರ. ಲೋಕಲ್ ರೈಲಿನಲ್ಲಿ ಹೆಂಗಸಿನ ದನಿಯಲ್ಲಿ ‘ಪುಢೀಲ್ ಸ್ಟೇಶನ್ ದಾದರ್’, ಮುಂದಿನ ನಿಲ್ದಾಣ ದಾದರ್ ಎಂದು ಉಲಿದು, ಎರಡು ನಿಲ್ದಾಣ ಮೊದಲೇ ಸಾಯನ್‌ನಲ್ಲಿ ಜನರನ್ನು ಬಾಗಿಲಿಗೆ ಎಬ್ಬಿಸಿದ ಕೀರ್ತಿ ಅವನದು. ಈಗ ‘ಮುಟ್ಟಬೇಡಿ’ ಎಂಬ ಬೋರ್ಡಿನ ಕೆಳಗೆ ಕೂತಿದ್ದರಿಂದ ಬೆಳಿಗ್ಗೆಯಿಂದ ಅವನನ್ನೂ ಯಾರೂ ಮುಟ್ಟಿರಲಿಲ್ಲ.

ಎದುರಿನ ಕುರ್ಚಿಯಲ್ಲಿದ್ದ ಚಂದ್ರವ್ವ ಮಾತ್ರ ಕದಲುತ್ತಿರಲಿಲ್ಲ. ಜೋಗೇಶ್ವರಿಯಿಂದ ಬಂದಿದ್ದ ಧಾರವಾಡ ಕಡೆಯ ಮುದುಕಿ, ಕಣ್ಣು ಮಸುಕು. ಮೇಜಿನ ಮೇಲೆ ಹರಡಿದ್ದ ಕರಿ ಸೀರೆಯ ಕಸೂತಿ ಅವಳ ತಾಯಿಯದು. ಸಂಘಕ್ಕೆ ಕೊಟ್ಟವನು ಅವಳ ತಮ್ಮ ದಾನಪ್ಪ. ಸಂಜೆ ಅದು ಗಾಜಿನ ಪೆಟ್ಟಿಗೆ ಸೇರುವುದಿತ್ತು.

“ಒಮ್ಮೆ ಮುಟ್ಟತೀನಿ ಅಂದ್ರ ನಿಮ್ಮ ಸೆಕ್ರೆಟರಿ ಕಾಶಪ್ಪ ಒಲ್ಲೆ ಅಂತಾನ ನೋಡಪಾ. ಕೈ ಬೆವರಿಗೆ ಅರಿವಿ ಕೆಡತೈತಂತ.”

“ನೋಡಿದ್ರೆ ಸಾಕಲ್ಲ ಅಮ್ಮ?”

“ಕಣ್ಣಿಗೆಲ್ಲಿ ಕಾಣತೈತಿ? ಸೆರಗಿನ ಕಡೇ ಆನಿ ನಾ ಹಾಕಿದ್ದು, ಸಣ್ಣಾಕಿ ಇದ್ದಾಗ. ಕಸೂತಿಗೆ ಗಂಟು ಹಾಕಬಾರದು, ಹಿಂದ ಮುಂದ ಒಂದ ನಮೂನಿ ಇರಬೇಕು. ನನಗೇನು ಗೊತ್ತು, ಹಿಂದ ಗಂಟು ಹಾಕಿಬಿಟ್ಟೆ. ಅವ್ವ ‘ಇರ್ಲಿ ಬಿಡು’ ಅಂದ್ಲು. ಆ ಗಂಟು ಒಮ್ಮೆ ಬೆರಳಿಗೆ ಸಿಕ್ಕರ ಸಾಕು. ಅವ್ವಂದು ನಂದು ಕೂಡಿದ್ದು ಅದೊಂದ ಉಳದೈತಿ.”

ಗಂಟಲನ್ನೇ ನಂಬಿ ಬದುಕಿದ್ದ ಶೇಖರ ಗಂಟಿನ ಕಥೆಗೆ ಕರಗಿದ. ಮೈಕ್ ಎತ್ತಿಕೊಂಡ, ಮೊದಲು ಕಾಶಪ್ಪನ ಕೆಮ್ಮು, ಆಮೇಲೆ ಕಾಶಪ್ಪನ ದನಿ:

“ಅಂದ್ರ ಏನಪಾ ಅಂದ್ರ, ಕೆಳಗ ಜಿಲೇಬಿ ಬಿಸಿ ಐತ್ರಿ. ಆರೋದ್ರೊಳಗ ನಡೀರಿ!”

ಹಾಲು ಉಕ್ಕಿ ಚೆಲ್ಲಿದಂತೆ ಹಾಲ್ ಖಾಲಿಯಾಯಿತು.

“ಬೇಗ ಮುಟ್ಟಿ ಅಮ್ಮ. ಅಸಲಿ ಕಾಶಪ್ಪ ಗೇಟಿನಲ್ಲಿದ್ದಾರೆ. ತಮ್ಮದೇ ಸ್ವರ ಕೇಳಿ ಓಡಿ ಬರ್ತಾರೆ ಮತ್ತೆ.”

ಚಂದ್ರವ್ವ ಅಂಗೈಯನ್ನು ಚೆನ್ನಾಗಿ ಒರೆಸಿಕೊಂಡು ಸೀರೆಯ ಅಡಿಗೆ ತೂರಿಸಿದಳು. ಬೆರಳ ತುದಿ ಒಂದೊಂದೇ ಆನೆಯನ್ನು ದಾಟಿತು: ಸೊಂಡಿಲು, ಅಂಬಾರಿ, ಬಾಲ. ಕಡೆಯದರಲ್ಲಿ ನಿಂತಿತು. ಸಾಲಿನುದ್ದಕ್ಕೂ ಹಿಂದೆ ಹೋಯಿತು, ಮತ್ತೆ ಬಂತು.

“ಸಿಕ್ಕಿತಾ?”

“ಇಲ್ಲ. ನುಣ್ಣಗೈತಿ.”

ಶೇಖರ ಸೆರಗಿನತ್ತ ಬಗ್ಗಿದ. “ಬೇರೆ ಆನೆ ಇರಬಹುದು.”

“ಎಲ್ಲಾ ಆನಿ ನೋಡಿದೆ. ಎಲ್ಲೂ ಗಂಟಿಲ್ಲ. ಬಾಯಿಲೆ ‘ಇರ್ಲಿ ಬಿಡು’ ಅಂದು, ನಾ ಮಲಗಿದ ಮ್ಯಾಲ ಬಿಚ್ಚಿ ತಾನ ಹಾಕ್ಯಾಳ. ಕಳ್ಳಿ!” ಚಂದ್ರವ್ವನ ಭುಜ ಕುಲುಕಿತು; ನಗುತ್ತಿದ್ದಳು.

ಮೆಟ್ಟಿಲೇರಿ ಏದುಸಿರು ಬಿಡುತ್ತ ಕಾಶಪ್ಪ ಬಂದ. “ನನ್ನ ದನಿ ಕದ್ದಾಂವ ಯಾಂವಲೇ—” ಎನ್ನುವಷ್ಟರಲ್ಲಿ ಸೀರೆಯ ಅಡಿಯ ಕೈ ಕಂಡಿತು. “ಅಕ್ಕಾರ! ಅದಕ್ಕ ಕೈ ಯಾಕ ಹಚ್ಚಿದ್ರಿ?”

“ಹಚ್ಚಿಲ್ಲಪಾ,” ಎಂದಳು ಚಂದ್ರವ್ವ, ಕೈ ತೆಗೆಯದೆಯೇ. “ಇದಕ್ಕ ನಾನೂ ಕೈ ಹಚ್ಚೀನಿ ಅಂತ ಇಷ್ಟು ವರ್ಷ ತಿಳಕೊಂಡಿದ್ದೆ. ಇದು ಪೂರ್ತಿ ನಮ್ಮವ್ವಂದ ಕೆಲಸ. ಪೆಟ್ಟಿಗಿ ಮ್ಯಾಲ ಹಂಗಂತ ಬರಿ.”