ಎನ್ಸಿನಾರಿನ ಉಳುಮೆ

"ಸುರಿಯೇ ಲೌಡಿ, ಮಡಿಲಲ್ಲಿರೋದೆಲ್ಲಾ ಸುರಿ! ಒಂದು ಕಾಯಿ ಉಳಿದ್ರೂ ಲಂಗ ಬಿಚ್ಚಿಸಿ ಹುಡುಕ್ತೀನಿ!"

ಪಾರುಪತ್ಯಗಾರ ಸತುರಿಯೊ ಕುದುರೆಯ ಮೇಲಿಂದಲೇ ಅರಚಿದ. ಗುಮರ್ಸಿಂದಾ ಮಡಿಲು ಕೊಡವಿದಳು. ಬೆಳಗಿನಿಂದ ಬಾಗಿ ಬಾಗಿ ಆಯ್ದಿದ್ದ ಓಕ್ ಕಾಯಿಗಳು ಕೆಸರಿಗೆ ಬಿದ್ದವು. ಧಣಿಯ ಕಪ್ಪು ಹಂದಿಗಳು ಗುರುಗುಟ್ಟುತ್ತಾ ಬಂದು ಅವಳ ಕಾಲ ಸುತ್ತಲೇ ಬಾಯಿ ಹಾಕಿದವು. ಆ ಊರಿನಲ್ಲಿ ಮೈತುಂಬಿಕೊಂಡಿದ್ದ ಜೀವಗಳೆಂದರೆ ಆ ಹಂದಿಗಳು, ಪಾದ್ರಿ ಮತ್ತು ಪಾರುಪತ್ಯಗಾರ, ಇಷ್ಟೇ.

"ಮಕ್ಳು ಎರಡು ದಿನದಿಂದ ಉಂಡಿಲ್ಲ ಬುದ್ದಿ. ಬೇಯ್ಸಿ ಕೊಡಾನ ಅಂತ..."

"ಹಸಿವಾ? ಕುಣ್ಕೊಂಡು ರಿಪಬ್ಲಿಕ್ ತಂದ್ರಲ್ಲ, ಅದನ್ನೇ ಬೇಯಿಸ್ಕೊಂಡು ತಿನ್ರೋ!"

ಅವಳ ಗಂಡ ಎಲಾದಿಯೊ ಮಾತ್ರ ತನ್ನ ಚೀಲ ಕೆಳಗಿಡದೆ ನಿಂತ. ಸತುರಿಯೊನ ಜೊತೆ ಬಂದಿದ್ದ ಪೊಲೀಸ್ ದಫೇದಾರ ಬಂದೂಕು ತಿರುಗಿಸಿ ಅದರ ಹಿಡಿಯಿಂದ ಅವನ ಬೆನ್ನಿಗೆ ನಾಲ್ಕು ಇಕ್ಕಿದ. ಆಮೇಲೆ ಚೀಲ ತಾನಾಗಿಯೇ ಕೆಳಗೆ ಬಿತ್ತು.

ರಾಜ ದೇಶ ಬಿಟ್ಟು ಓಡಿ, ರಿಪಬ್ಲಿಕ್ ಬಂದು ಐದು ವರ್ಷವಾಗುತ್ತ ಬಂದಿತ್ತು. ಅವತ್ತು ಊರ ಚೌಕದಲ್ಲಿ ಎಲ್ಲರಿಗಿಂತ ಮುಂದೆ ನಿಂತು ಕುಣಿದವನು ಎಲಾದಿಯೊ. ಭೂಮಿ ಹಂಚುತ್ತಾರೆ ಅಂದಿದ್ದರು. ಹಂಚಲಿಕ್ಕೆ ಒಂದು ಕಚೇರಿಯಾಯಿತು, ಕಚೇರಿಗೆ ಕುರ್ಚಿ ಬಂತು, ಕುರ್ಚಿಗೊಬ್ಬ ಇಂಜಿನಿಯರು ಬಂದ. ಅವನು ಎನ್ಸಿನಾರ್ ಎಸ್ಟೇಟನ್ನು ಎರಡು ಸಲ ಅಳೆದ, ಮಾರ್ಕ್ವಿಸ್ ಧಣಿಯ ಮನೆಯಲ್ಲಿ ಎರಡು ಸಲ ಉಂಡ, ಹೋದ. ಅಷ್ಟರಲ್ಲಿ ಸರ್ಕಾರ ಬದಲಾಗಿ ಧಣಿಗಳ ಪಕ್ಷ ಬಂತು. ಗೇಣಿಗೆ ಸಿಕ್ಕಿದ್ದ ಚೂರುಪಾರು ನೆಲದಿಂದಲೂ ಎಲಾದಿಯೊನಂಥವರನ್ನು ಎಬ್ಬಿಸಿದರು. ನೇಗಿಲಿದೆ, ಜೋಡಿ ಹೇಸರಗತ್ತೆಯಿದೆ, ಉಳಲು ಅಂಗೈಯಗಲ ನೆಲವಿಲ್ಲ. ಡಿಸೆಂಬರಿನಲ್ಲಿ ಆ ಜೋಡಿಯಲ್ಲೂ ಒಂದು ಮೇವಿಲ್ಲದೆ ಸತ್ತಿತು.

ಫೆಬ್ರುವರಿಯಲ್ಲಿ ಮತ್ತೆ ಚುನಾವಣೆ. ಹಿಂದಿನ ಭಾನುವಾರ ಇಗರ್ಜಿಯಲ್ಲಿ ಮಾರ್ಕ್ವಿಸನ ಹೆಂಡತಿ ಕಂಬಳಿಗಳ ರಾಶಿಯ ಹಿಂದೆ ಕೂತಿದ್ದಳು. ಕಂಬಳಿಗೊಂದು ಮಡಿಸಿದ ಮತಚೀಟಿ, ಧಣಿಗಳ ಪಕ್ಷದ ಹೆಸರು ಮೊದಲೇ ಅಚ್ಚಾಗಿದ್ದದ್ದು, ಪೆಟ್ಟಿಗೆಗೆ ಹಾಕುವುದಷ್ಟೇ ಬಾಕಿ.

"ಈ ಲೋಕದ ಮಣ್ಣಿಗೆ ಯಾಕೆ ಆಸೆಪಡ್ತೀರಿ ಮಕ್ಕಳೇ? ಸ್ವರ್ಗದಲ್ಲಿ ಎಲ್ಲರಿಗೂ ಪಾಲಿದೆ," ಎಂದರು ಪಾದ್ರಿ ಕ್ರಿಸಾಂತೊ.

ಸಾಲಿನಲ್ಲಿದ್ದ ಗುಮರ್ಸಿಂದಾ ಕೇಳಿದಳು: "ಸ್ವಾಮೇರೇ, ಅಲ್ಲಿ ನಮ್ ಧಣೇರಿಗೂ ಪಾಲೈತಾ?"

"ಇದೆ ಮಗಳೇ. ದೇವರ ಮುಂದೆ ಎಲ್ಲರೂ ಸಮ."

"ಅಂಗಾರೆ ನಮ್ಗೆ ಬ್ಯಾಡ ಬುಡಿ. ಇಷ್ಟೊತ್ಗೆ ಅಲ್ಲೂ ಬೇಲಿ ಆಕ್ಸಿರ್ತಾರೆ."

ಕಂಬದ ಹಿಂದೆ ಯಾರೋ ಮುದುಕಿ ಕಿಸಕ್ಕನೆ ನಕ್ಕಳು. ನಗು ಸಾಲಿನುದ್ದಕ್ಕೂ ಹಬ್ಬಿತು. ಪಾದ್ರಿ ಗಂಟೆ ಬಾರಿಸಬೇಕಾಯಿತು. ಗುಮರ್ಸಿಂದಾ ಮನೆಗೆ ಬಂದು ಕಂಬಳಿಯನ್ನು ಮಕ್ಕಳಿಗೆ ಹೊದಿಸಿದಳು, ಚೀಟಿಯಲ್ಲಿ ಒಲೆ ಹಚ್ಚಿದಳು.

ಬಡವರ ಪಕ್ಷ ಗೆದ್ದಿತು. ಮೂರನೆಯ ದಿನವೇ ಮಾರ್ಕ್ವಿಸ್ ಹವಾ ಬದಲಾವಣೆಗೆಂದು ಪೋರ್ಚುಗಲ್ಲಿಗೆ ಹೊರಟ. ಸತುರಿಯೊ ಹವಾ ಬದಲಾಯಿಸಲು ಅಷ್ಟು ದೂರ ಹೋಗಲಿಲ್ಲ. ಅಂಗಿಗೆ ರಿಪಬ್ಲಿಕ್ಕಿನ ಮೂರು ಬಣ್ಣದ ಪಟ್ಟಿ ಸಿಕ್ಕಿಸಿಕೊಂಡು ಚೌಕಕ್ಕೆ ಬಂದ.

"ಹೇಗಿದ್ದೀಯ, ಸಂಗಾತಿ ಗುಮರ್ಸಿಂದಾ?"

"ಓದ್ ತಿಂಗ್ಳು ಲೌಡಿ ಆಗಿದ್ದೆ. ಈಗ ಸಂಗಾತಿ ಆದ್ನಾ?"

"ಹಳೇದೆಲ್ಲಾ ಯಾಕೆ ಕೆದಕ್ತೀಯ? ಭೂಮಿ ಬರುತ್ತೆ, ಕಾಗದ ಬರ್ಬೇಕು ಅಷ್ಟೆ. ಅದೇ ಇಂಜಿನಿಯರ್ ಸಾಹೇಬ್ರು ಮತ್ತೆ ಬರ್ತಾ ಇದಾರೆ."

ಇಂಜಿನಿಯರು ಬಂದ, ಅಳೆದ, ಈ ಸಲ ಸತುರಿಯೊನ ಮನೆಯಲ್ಲಿ ಉಂಡ.

ಮಾರ್ಚ್ ಇಪ್ಪತ್ತೈದರಂದು ಊರು ಕಾಯುವುದನ್ನು ನಿಲ್ಲಿಸಿತು. ಪೋರ್ಚುಗಲ್ ಗಡಿಗೆ ಹತ್ತಿದ ಬದಾಹೋಸ್ ಸೀಮೆಯ ಊರೂರಲ್ಲೂ ಅವತ್ತೇ ಧಣಿಗಳ ನೆಲಕ್ಕೆ ನುಗ್ಗುವುದೆಂದು ಮಾತಾಗಿತ್ತು. ಬೆಳಕು ಹರಿಯುವಷ್ಟರಲ್ಲಿ ನೂರಕ್ಕೂ ಹೆಚ್ಚು ನೇಗಿಲು ಎನ್ಸಿನಾರಿನ ಕಲ್ಲುಗೋಡೆಯ ಮುಂದೆ ನಿಂತವು. ಎಲಾದಿಯೊ ಉಳಿದಿದ್ದ ಹೇಸರಗತ್ತೆಗೆ ಪಕ್ಕದ ಮನೆಯವರ ಕುಳ್ಳ ಕತ್ತೆಯನ್ನು ಜೋಡಿ ಕಟ್ಟಿದ್ದ. ನೊಗ ವಾರೆಯಾಗಿತ್ತು.

ಗೋಡೆಯ ಕಲ್ಲು ಕಿತ್ತು ದಾರಿ ಮಾಡಿದರು. ಒಳಗೆ ಕಾಲಿಟ್ಟ ಎಲಾದಿಯೊ ನೇಗಿಲ ಮೇಣಿ ಹಿಡಿದವನೇ ನಿಂತುಬಿಟ್ಟ.

"ಆಗಲ್ಲ ಕಣಮ್ಮಿ. ಆ ದಫೇದಾರನ್ನ ನೆನೆಸ್ಕಂಡ್ರೆ ಬೆನ್ನು ಮರಗಟ್ಟೋಯ್ತದೆ."

ಗುಮರ್ಸಿಂದಾ ಅವನನ್ನು ಬೈಯಲಿಲ್ಲ. ಮೊಣಕೈಯಿಂದ ಪಕ್ಕಕ್ಕೆ ಸರಿಸಿ ಮೇಣಿಗೆ ಕೈಹಾಕಿದಳು. "ನೀನು ಮುಂದೆ ನಿಂತು ಕತ್ತೆ ಎಳಿ. ಬೆನ್ನು ನನ್ ಕಡೀಕಿರ್ಲಿ."

ವರ್ಷಗಟ್ಟಲೆ ಹಂದಿ ಬಿಟ್ಟರೆ ಯಾರೂ ಕೆದಕದ ನೆಲ. ಗುಳ ಕಚ್ಚಿತು, ಮಣ್ಣು ಮಗುಚಿತು.

ಅರ್ಧ ಸಾಲು ಮುಗಿಯುವಷ್ಟರಲ್ಲಿ ಸತುರಿಯೊ ಓಡೋಡಿ ಬಂದ. ಎದೆಯ ಮೇಲೆ ಮೂರು ಬಣ್ಣವೂ ಬೆವರಿಗೆ ಒಂದಾಗಿತ್ತು. ಹಿಂದೆ ದಫೇದಾರ, ನಾಲ್ವರು ಪೊಲೀಸರು.

"ಸಂಗಾತಿಗಳೇ, ಇದು ರಿಪಬ್ಲಿಕ್‌ಗೆ ಅವಮಾನ! ಕಾನೂನು ಅಂತ ಒಂದಿದೆ! ಹಂದಿಗಳು ಎಲ್ಲಿ ಮೇಯಬೇಕು?"

"ಪೋರ್ಚುಗಲ್ಲಿಗೆ ಕಳ್ಸು, ಧಣೇರ್ ತಾವ!" ಎಂದಳು ಗುಮರ್ಸಿಂದಾ. "ಜೊತೇಗೆ ನೀನೂ ಓಗು, ಕಾಯಾಕೆ ಯಾರಾದ್ರೂ ಬೇಕಲ್ಲ."

ದಫೇದಾರ ನಗಲಿಲ್ಲ. ನೇಗಿಲುಗಳನ್ನು ನೋಡಿದ, ತನ್ನ ನಾಲ್ಕು ಬಂದೂಕುಗಳನ್ನು ನೋಡಿದ, ಜೇಬಿನಿಂದ ಪುಸ್ತಕ ತೆಗೆದ.

"ಇವತ್ತು ನಿಮ್ಮ ದಿನ. ಉಳ್ಕೊಳ್ಳಿ. ಒಬ್ಬೊಬ್ಬರೂ ಹೆಸರು ಹೇಳಿ. ಮುಂದೊಂದಿನ ಈ ಪುಸ್ತಕ ತೆಗೀತೀನಿ."

ನೇಗಿಲುಗಳು ನಿಂತವು. ಮೊದಲ ಸಾಲಿನವರು ಒಂದು ಹೆಜ್ಜೆ ಹಿಂದಿಟ್ಟರು. ಎಲಾದಿಯೊ ಹೆಂಡತಿಯ ಮುಖ ನೋಡಿದ.

"ಬರ್ಕೊ," ಎಂದಳು ಗುಮರ್ಸಿಂದಾ, ಹೇಸರಗತ್ತೆಯನ್ನು ನಿಲ್ಲಿಸದೆ. "ಗುಮರ್ಸಿಂದಾ ಬಾರ್ರೋಸೊ. ಗಂಡನ್ ಎಸ್ರು ಬ್ಯಾಡ, ನೇಗ್ಲು ಇಡ್ದಿರೋಳು ನಾನು. ದಪ್ಪಕ್ಷರದಾಗೆ ಬರಿಯೋ, ನಿನ್ ಕೈ ಸೇದೋಗ!"

"ನಂದೂ ಬರಿ," ಎಂದ ಎಲಾದಿಯೊ. ಎಲ್ಲರಿಗೂ ಕೇಳಿಸಿತು. ಅಲ್ಲಿಂದ ಹೆಸರುಗಳು ನಾಲ್ಕೂ ಕಡೆಯಿಂದ ಬಿದ್ದವು. ದಫೇದಾರ ಒಂದನ್ನು ಬರೆಯುವಷ್ಟರಲ್ಲಿ ಐದು. ಪೆನ್ಸಿಲು ಮೊಂಡಾಯಿತು. ಅವನು ಮರದ ಕೆಳಗೆ ಕೂತು ಅದನ್ನು ಚಾಕುವಿನಿಂದ ಚೂಪು ಮಾಡಿ ಮತ್ತೆ ಬರೆದ, ಅವಸರವಿಲ್ಲದೆ, ಒಂದನ್ನೂ ಬಿಡದೆ.

ಸಂಜೆಯ ಹೊತ್ತಿಗೆ ಹುಲ್ಲುಗಾವಲು ಅರ್ಧಕ್ಕರ್ಧ ಕೆಂಪು ಮಣ್ಣಾಗಿತ್ತು. ದಫೇದಾರ ಪುಸ್ತಕವನ್ನು ಅಂಗಿಯ ಒಳಜೇಬಿಗೆ ಇಳಿಸಿ, ಗುಂಡಿ ಹಾಕಿ, ಮೇಲಿನಿಂದ ಒಮ್ಮೆ ತಟ್ಟಿ ನೋಡಿಕೊಂಡ.