ಏಟು ಬಿದ್ದವಳ ಮಾತು

ಒಗೆದ ಹಾಸುಗಳ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಅವಳು ತಾರಸಿಯ ಬಾಗಿಲು ತಳ್ಳಿದಾಗ ಬಿಸಿಲು ಆಗಲೇ ಚುರುಕಾಗಿತ್ತು. ಬಸ್ ನಿಲ್ದಾಣದ ಎದುರಿನ ಲಾಡ್ಜಿನ ಹಾಸು, ದಿಂಬಿನ ಚೀಲಗಳನ್ನು ಒಗೆದು ಇಸ್ತ್ರಿ ಮಾಡಿ ಕೊಡುವುದು ಅವಳ ಕೆಲಸ. ಕೆಳಗೆ ಗಂಡನ ವೆಲ್ಡಿಂಗ್ ಅಂಗಡಿ, ನಡುವೆ ಮನೆ, ಮೇಲೆ ಅವಳ ತಾರಸಿ. ಮೊದಲ ಹಾಸನ್ನು ಕೊಡವಿ ತಂತಿಯ ಮೇಲೆ ಎಸೆದಳು, ಅಷ್ಟೆ. ಬೆನ್ನ ಹಿಂದೆ ಗಾಳಿ ಸೀಳಿದ ಸದ್ದು. ಯಾರೋ ಕಲ್ಲಿನಿಂದ ಜಜ್ಜಿದ ಹಾಗೆ ನೆತ್ತಿಗೆ ಏಟು. ಕೈಯಿಟ್ಟು ನೋಡಿದರೆ ಬೆರಳೆಲ್ಲ ಕೆಂಪು. ನೀರಿನ ಟ್ಯಾಂಕಿನ ಕಬ್ಬಿಣದ ಚೌಕಟ್ಟಿನ ಮೇಲೆ ಒಂದು ಹದ್ದು ರೆಕ್ಕೆ ಮಡಚಿ ಕೂತು ಅವಳನ್ನೇ ದುರುಗುಟ್ಟಿ ನೋಡುತ್ತಿತ್ತು.

ಅದರ ಪಕ್ಕದಲ್ಲಿ ಕಡ್ಡಿ, ಚಿಂದಿ, ಅಂಗಡಿಯಿಂದಲೇ ಹೆಕ್ಕಿ ತಂದಿದ್ದ ತಂತಿ ಚೂರು ಸೇರಿಸಿ ಕಟ್ಟಿದ ಗೂಡು. ಒಳಗಿಂದ ಎರಡು ಮರಿಗಳು ಕತ್ತು ಚಾಚಿದ್ದವು.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಬರುವಷ್ಟರಲ್ಲಿ ಬೀದಿಗೆಲ್ಲ ಸುದ್ದಿ ಮುಟ್ಟಿತ್ತು. ಅಂಗಡಿಯ ಮುಂದೆ ಜನ ಸೇರಿದ್ದರು. ಅತ್ತೆಯಂತೂ ತಲೆಯ ಮೇಲೆ ಅಲ್ಯೂಮಿನಿಯಂ ಪಾತ್ರೆ ಬೋರಲು ಹಾಕಿಕೊಂಡೇ ಹೊರಗೆ ಬಂದಿದ್ದರು.

"ನಗಬೇಡ್ರೋ, ಇರೋದೊಂದೇ ತಲೆ. ಒಳಗೆ ಏನಿದೆಯೋ ಇಲ್ಲವೋ, ಮೇಲಾದರೂ ನೆಟ್ಟಗಿರಲಿ" ಎಂದು ತಾವೇ ನಕ್ಕರು.

ವೆಲ್ಡರ್ ಮಾತ್ರ ನಗಲಿಲ್ಲ. ಹೆಂಡತಿಯ ತಲೆಯ ಪಟ್ಟಿಯನ್ನು ನೋಡಿ ದವಡೆ ಬಿಗಿದ. "ನನ್ನ ಮನೆ ಮೇಲೆ ಕೂತು ನನ್ನ ಹೆಂಡತಿ ಮೇಲೆ ಕೈ ಮಾಡೋಕೆ ಅದ್ಯಾವ ಪ್ರಾಣಿ?"

"ಕೈ ಎಲ್ಲಿದೆ ಅದಕ್ಕೆ?" ಎಂದಳು ಅವಳು, ವಾತಾವರಣ ತಿಳಿಯಾಗಲಿ ಎಂದು. ಯಾರಿಗೂ ಕೇಳಿಸಲಿಲ್ಲ.

"ಅಣ್ಣ, ಇವತ್ತೇ ಮುಗಿಸಿಬಿಡೋಣ" ಎಂದ ಅವನ ತಮ್ಮ. ಬೀದಿಯವರು ಅವನನ್ನು ಪೈಲ್ವಾನ ಎನ್ನುತ್ತಿದ್ದರು. ಸಾಮಾನು ಸಾಗಿಸುವ ಲಾರಿಯಲ್ಲಿ ಹೊರುವ ಕೆಲಸ, ಮೈಯಲ್ಲಿ ಬೇಕಾದಷ್ಟು ಬಲ. "ಇವತ್ತು ಅತ್ತಿಗೆ ತಲೆ. ನಾಳೆ ಯಾವುದೋ ಮಗೂನ ಕಣ್ಣು ಕಿತ್ತರೆ ಯಾರು ಜವಾಬ್ದಾರಿ?"

ಆ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಅದಕ್ಕೇ ಅವಳು ಯೋಚಿಸಿ ಉತ್ತರ ಕೊಟ್ಟಳು. "ಮರಿಗಳಿಗೆ ಆಗಲೇ ಗರಿ ಮೂಡಿವೆ. ಹಾರೋವರೆಗೂ ತಾರಸಿ ಬಾಗಿಲು ಹಾಕಿರೋಣ. ನಾನು ಹಿತ್ತಲಲ್ಲೇ ಒಣಗಿಸ್ತೀನಿ. ಒಂದಿಷ್ಟು ತಡ ಆಗುತ್ತೆ, ಲಾಡ್ಜಿನವರ ಹತ್ತಿರ ನಾನೇ ಮಾತಾಡ್ತೀನಿ."

"ಹದ್ದಿಗೆ ಹೆದರಿ ನಮ್ಮ ಬಾಗಿಲು ನಾವೇ ಹಾಕ್ಕೊಳ್ಳೋದಾ?" ಗಂಡ ಗದರಿದ. "ನೀನು ಒಳಗೆ ಹೋಗಿ ಮಲಗು."

"ರೀ, ಏಟು ಬಿದ್ದದ್ದು ನನಗೆ. ನಾನೇ ಬೇಡ ಅಂತಿದ್ದೀನಲ್ಲ."

"ನಿನಗೋಸ್ಕರಾನೇ ಮಾಡ್ತಿರೋದು!" ಎಂದ ಅವನು, ಅಷ್ಟು ಜನರ ಮುಂದೆ, ದೊಡ್ಡ ದನಿಯಲ್ಲಿ. ಅಲ್ಲಿಗೆ ಅವಳ ಮಾತು ಮುಗಿದುಹೋಯಿತು.

ಅವಳು ಒಳಗೆ ಮಲಗಿ ಮೆಟ್ಟಿಲ ಮೇಲಿನ ಹೆಜ್ಜೆಗಳ ಸದ್ದು ಕೇಳಿದಳು. ಗಂಡ, ಮೈದುನ, ಅವರ ಹಿಂದೆ ಬೀದಿಯ ನಾಲ್ಕಾರು ಗಂಡಸರು. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು, ಹದ್ದುಗಳ ಸೀಳುದನಿ. ಪೈಲ್ವಾನ ಉದ್ದನೆಯ ಕೋಲಿನಿಂದ ಗೂಡನ್ನು ತಿವಿದು ಕೆಡವಿದ. ಒಂದು ಮರಿ ಸಿಮೆಂಟಿನ ಮೇಲೆ ಬಿದ್ದು ಅಲ್ಲೇ ಸತ್ತಿತು. ಯಾರೋ ಸಿಳ್ಳೆ ಹಾಕಿದರು. ಸಿಳ್ಳೆ ನಿಲ್ಲುವ ಮೊದಲೇ ಗಂಡುಹದ್ದು ಮೇಲಿನಿಂದ ಇಳಿದು ಪೈಲ್ವಾನನ ಹುಬ್ಬಿನಿಂದ ಕೆನ್ನೆಯವರೆಗೆ ಉಗುರಿನಲ್ಲಿ ಗೀರಿತು. ಅವನು ಮುಖ ಹಿಡಿದುಕೊಂಡು ಕೂತುಬಿಟ್ಟ. ಬೆರಳ ಸಂದಿಯಿಂದ ರಕ್ತ ಮೊಣಕೈಗೆ ಇಳಿಯಿತು.

ತಮ್ಮನ ರಕ್ತ ಕಂಡ ಮೇಲೆ ವೆಲ್ಡರನ ಕಣ್ಣು ಕೆಂಪೇರಿತು. ಅಂಗಡಿಯಿಂದ ತಂದಿದ್ದ ಕಬ್ಬಿಣದ ರಾಡನ್ನು ಗಾಳಿಯಲ್ಲಿ ಬೀಸಿದ. ಮತ್ತೊಬ್ಬ ತಂತಿಯ ಮೇಲಿದ್ದ ಹಾಸನ್ನು ಎಳೆದು ಬಲೆಯಂತೆ ಎಸೆದ. ಸತ್ತ ಮರಿಯ ಬಳಿಗೆ ಇಳಿದಿದ್ದ ಹೆಣ್ಣುಹದ್ದು ಅದರಲ್ಲಿ ಸಿಕ್ಕಿಬಿತ್ತು.

"ಹಾಕು! ಹಾಕು ಅಣ್ಣ!"

ಮೊದಲ ಏಟಿಗೆ ಬಟ್ಟೆಯೊಳಗೆ ಏನೋ ಮುರಿದ ಸದ್ದಾಯಿತು. ಎರಡನೆಯದಕ್ಕೆ ಬಿಳಿ ಹಾಸಿನ ಮೇಲೆ ಕೆಂಪು ಹರಡಿತು. ಒಳಗಿನ ಜೀವ ಇನ್ನೂ ಒದ್ದಾಡುತ್ತಿತ್ತು. ಸುತ್ತ ನಿಂತವರ ಮುಖದಲ್ಲಿ ಭಯ ಇರಲಿಲ್ಲ, ಮಗುವಿನ ಕಣ್ಣಿನ ಚಿಂತೆಯೂ ಇರಲಿಲ್ಲ. ಅವರಿಗೆ ಖುಷಿಯಾಗಿತ್ತು.

ಸದ್ದು ತಾಳಲಾರದೆ ಎದ್ದು ತಾರಸಿಯ ಬಾಗಿಲಿಗೆ ಬಂದು ನಿಂತ ಅವಳಿಗೆ ಮೊದಲು ಕಂಡದ್ದೇ ಆ ಖುಷಿ. "ಸಾಕು!" ಎಂದು ಕೂಗಿದಳು. ಯಾರೂ ತಿರುಗಲಿಲ್ಲ. ಗಂಡ ರಾಡನ್ನು ಮತ್ತೆ ತಲೆಯ ಮೇಲಕ್ಕೆ ಎತ್ತಿದ. ಅವಳು ಓಡಿ ಹೋಗಿ ಹಾಸಿನ ಮೇಲೆ ಬಾಗಿ ಎಡಗೈ ಅಡ್ಡ ಹಿಡಿದಳು. ಬೀಸಿದ ರಾಡು ನಿಲ್ಲಲಿಲ್ಲ.

ಅದು ಅವಳ ಮುಂಗೈ ಮೂಳೆಗೆ ತಾಗಿದ ಸದ್ದು ಎಲ್ಲರಿಗೂ ಕೇಳಿಸಿತು.

ಅವಳು ಬಲಗೈಯಲ್ಲಿ ಹಾಸಿನ ಅಂಚು ಎತ್ತಿದಳು. ಹದ್ದು ಹೊರಗೆ ತೆವಳಿ, ಒಂದು ರೆಕ್ಕೆ ಎಳೆದುಕೊಂಡು ಗೋಡೆಯ ಮೇಲೆ ಹತ್ತಿ, ವಾಲುತ್ತಾ ಹಿತ್ತಲ ಕಡೆ ಬಿತ್ತೋ ಹಾರಿತೋ ಗೊತ್ತಾಗಲಿಲ್ಲ. ಆಮೇಲೆ ಅದನ್ನು ಯಾರೂ ನೋಡಲಿಲ್ಲ. ಗಂಡಸರು ಒಬ್ಬೊಬ್ಬರಾಗಿ ಮೆಟ್ಟಿಲು ಇಳಿದರು. ರಾಡು ವೆಲ್ಡರನ ಕೈಯಲ್ಲೇ ಇತ್ತು, ಅದನ್ನು ಎಲ್ಲಿ ಇಡಬೇಕೆಂದು ಅವನಿಗೆ ಹೊಳೆಯಲಿಲ್ಲ.

ಆಸ್ಪತ್ರೆಯಲ್ಲಿ ಬೆಳಿಗ್ಗೆ ಹೊಲಿಗೆ ಹಾಕಿದ್ದ ವೈದ್ಯೆಯೇ ಇದ್ದರು. ಕೈ ನೋಡಿ ಹುಬ್ಬು ಗಂಟಿಕ್ಕಿದರು. "ಇದು ಹದ್ದಿನ ಕೆಲಸ ಅಲ್ಲವಲ್ಲ?"

"ಮೆಟ್ಟಿಲಿಂದ ಜಾರಿದಳು" ಎಂದರು ಅತ್ತೆ, ನೆಲ ನೋಡುತ್ತಾ.

"ಗಲಾಟೆಯಲ್ಲಿ ಹೇಗೋ ಆಯ್ತು" ಎಂದ ಪೈಲ್ವಾನ, ಮುಖದ ಪಟ್ಟಿಯೊಳಗಿಂದ.

ವೈದ್ಯೆ ಅವಳತ್ತ ನೋಡಿದರು. ಅವಳು ಗಂಡನತ್ತ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವನು ಕೈ ಎತ್ತಿ ಬೆವರು ಒರೆಸಿಕೊಂಡಾಗ ಅವಳು ತಟ್ಟನೆ ಕುರ್ಚಿಯಲ್ಲಿ ಹಿಂದೆ ಸರಿದಳು. ಅದೊಂದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ.

"ನಾನೇ ಹೊಡೆದೆ" ಎಂದ. "ರಾಡಿನಿಂದ. ಬೇಡ ಬೇಡ ಅಂದಳು, ನಾನು ಕೇಳಲಿಲ್ಲ."

ಹೊರಗೆ ಬಂದ ಮೇಲೆ ಪೈಲ್ವಾನ ಅಣ್ಣನ ಭುಜ ಹಿಡಿದ. "ಹಾಗ್ಯಾಕೆ ಹೇಳಿದೆ ಅಣ್ಣ? ಬೇಕಂತ ಹೊಡೆದೆಯಾ? ಹದ್ದಿಗೆ ಬೀಸಿದ್ದು ಅಲ್ವಾ?"

"ಬೀಸಿದ್ದು ಹದ್ದಿಗೇ ಇರಬಹುದು" ಎಂದ ವೆಲ್ಡರ್. "ಅಡ್ಡ ಬಂದದ್ದು ಅವಳು ಅಂತ ಕಣ್ಣಿಗೆ ಕಂಡಿತ್ತು ಕಣೋ. ಕಂಡರೂ ಕೈ ನಿಲ್ಲಲಿಲ್ಲ. ಅದಕ್ಕೆ ಏನು ಹೇಳ್ತೀಯ?"

ಪೈಲ್ವಾನ ಅಣ್ಣನ ಭುಜದಿಂದ ಕೈ ತೆಗೆದ.

ಮನೆಯಲ್ಲಿ ಅವಳು ಅವನಿಗೆ ಊಟ ಬಡಿಸುವುದನ್ನೂ ಬಿಟ್ಟಳು, ಬೈಯುವುದನ್ನೂ ಬಿಟ್ಟಳು. ಅವನು ಮಾತಿಗೆ ಬಂದಾಗ ಒಂದು ಮಾತು ಮಾತ್ರ ಹೇಳಿದಳು: "ನನಗೋಸ್ಕರ ಅಂತ ಇನ್ನೇನೂ ಮಾಡಬೇಡಿ. ನನ್ನ ಕೇಳಿ ಮಾಡಿ."

ಮಾರನೆಯ ಬೆಳಿಗ್ಗೆ ರಕ್ತದ ಕಲೆ ತೊಳೆಯಲು ಬಕೆಟ್ ಹಿಡಿದು ತಾರಸಿಗೆ ಹೋದವನಿಗೆ ಟ್ಯಾಂಕಿನ ಹಿಂದಿನಿಂದ ಸಣ್ಣ ದನಿ ಕೇಳಿಸಿತು. ಎರಡನೆಯ ಮರಿ. ಧೂಳು ಮೆತ್ತಿಕೊಂಡು, ಬಾಯಿ ತೆರೆದುಕೊಂಡು, ಬದುಕಿತ್ತು. ಗಂಡುಹದ್ದು ಮೇಲೆ ಸುತ್ತು ಹಾಕುತ್ತಿತ್ತು. ಅವನು ಕೆಳಗೆ ಬಂದು ಹೆಂಡತಿಯ ಕೋಣೆಯ ಹೊಸ್ತಿಲಲ್ಲಿ ನಿಂತ.

"ಒಂದು ಮರಿ ಉಳಿದಿದೆ. ಏನು ಮಾಡಲಿ?"

ಮದುವೆಯಾದಾಗಿನಿಂದ ಅವನು ಅವಳನ್ನು ಹೀಗೆ ಕೇಳಿದ್ದೇ ಇರಲಿಲ್ಲ. ಅವಳು ಕಟ್ಟು ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟು ಎದ್ದು ಕೂತಳು. "ಎತ್ತರದಲ್ಲಿ ಇಡಿ. ಬೆಕ್ಕಿಗೆ ಸಿಗದ ಹಾಗೆ. ಅಪ್ಪ ಇದೆಯಲ್ಲ, ಸಾಕುತ್ತೆ."

ತರಕಾರಿಯ ಪ್ಲಾಸ್ಟಿಕ್ ಕ್ರೇಟಿಗೆ ಬಿದ್ದ ಗೂಡಿನ ಕಡ್ಡಿಗಳನ್ನೇ ತುಂಬಿ, ಮುಖಕ್ಕೆ ವೆಲ್ಡಿಂಗ್ ಮುಖವಾಡ ಹಾಕಿಕೊಂಡು ಅವನು ಏಣಿ ಹತ್ತಿದ. ಮರಿ ಅಂಗೈಯನ್ನು ಕುಕ್ಕಿತು. ಹದ್ದು ಬೆನ್ನಿಗೆ, ಕತ್ತಿಗೆ ಎರಗಿತು. ಅಂಗಿ ಹರಿದು ಚರ್ಮ ಕಿತ್ತು ಬಂತು. ಅವನು ಹಲ್ಲು ಕಚ್ಚಿಕೊಂಡು ಕ್ರೇಟನ್ನು ಚೌಕಟ್ಟಿಗೆ ತಂತಿಯಿಂದ ಬಿಗಿದು, ಮರಿಯನ್ನು ಒಳಗಿಟ್ಟು ಇಳಿದ.

ಲಾಡ್ಜಿನ ಬಟ್ಟೆಗಳು ಬರುವುದು ನಿಲ್ಲಲಿಲ್ಲ, ಅವಳ ಕೈ ಕಟ್ಟಿನಲ್ಲಿತ್ತು. ಒಗೆಯಲು ಅವನೇ ಕೂತ. ಸೋಪು ಎಷ್ಟು, ನೀಲಿ ಎಷ್ಟು ಎಂದು ಕೇಳಿ ಕೇಳಿ ಒಗೆದ. ಹಿತ್ತಲು ಸಾಲದೆ ಬಂದ ದಿನ ಅವಳನ್ನೇ ಕೇಳಿ ಒಂದಿಷ್ಟು ಹಾಸುಗಳನ್ನು ಮೇಲಕ್ಕೆ ಒಯ್ದ. ಕಬ್ಬಿಣದ ಮುಖವಾಡ ತೊಟ್ಟು ಹಾಸು ಹರವುವ ಅವನನ್ನು ನೋಡಿ ಎದುರುಮನೆಯವರು ಕಿಟಕಿಯಲ್ಲಿ ಕಿಸಕ್ಕನೆ ನಕ್ಕರು. ಬೀದಿಯಿಂದ ಯಾರೋ ಕೂಗಿದರು, "ಕೋಲು ತರಲೇನೋ?"

"ಬೇಡ. ಕ್ಲಿಪ್ಪು ಇದ್ದರೆ ತಾ" ಎಂದ.

ಅವಳು ತಾರಸಿಯ ಬಾಗಿಲ ಒಳಗೆ, ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಹದ್ದು ಇಳಿದು ಅವನ ಭುಜಕ್ಕೆ ಜೋರಾಗಿ ಬಡಿಯಿತು. ಅವನ ಬಲಗೈ ತಾನಾಗಿ ಮೇಲಕ್ಕೆದ್ದಿತು, ಮುಷ್ಟಿ ಬಿಗಿಯಿತು. ಎತ್ತಿದ ಕೈ ಕ್ಷಣಹೊತ್ತು ಗಾಳಿಯಲ್ಲೇ ನಿಂತಿತು. ನಂತರ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಅವನು ಬಾಗಿ ಬುಟ್ಟಿಯಿಂದ ಮುಂದಿನ ಹಾಸನ್ನು ತೆಗೆದುಕೊಂಡ.

"ಹಾಗೆ ಹರವಿದರೆ ಸುಕ್ಕು ಬೀಳುತ್ತೆ" ಎಂದಳು ಅವಳು. ಎದ್ದು, ಬಾಗಿಲು ದಾಟಿ ಬಿಸಿಲಿಗೆ ಬಂದು, ಹಾಸಿನ ಇನ್ನೊಂದು ತುದಿಯನ್ನು ಬಲಗೈಯಲ್ಲಿ ಹಿಡಿದು ಎಳೆದಳು.